ಇಂಗ್ಲಿಷ್ ಪಿರಿಯಡ್ಡಿಗೆ ನಟ್ಟಿ ಹಾಡು

ದಿವ್ಯಶ್ರೀಯ ಕಷ್ಟಕ್ಕೆಲ್ಲ ಕಾರಣ ಬರೀ ಮೂರು ನಿಮಿಷ.

ಆ ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಬಿಟ್ಟರೆ ಅವಳು ಭಾನುವಾರ ಹೊನ್ನಾವರಕ್ಕೆ ಹೋಗಿ ಕಬಡ್ಡಿ ಆಡಬಹುದು. ಮಾತಾಡದಿದ್ದರೆ ಅದೇ ಭಾನುವಾರ ಶಾಲೆಯ ವಿಶೇಷ ತರಗತಿಯಲ್ಲಿ ಕೂತು, ಕಿಟಕಿಯಿಂದ ಕಾಗೆ ಎಣಿಸಬೇಕು. ಈ ಭಾನುವಾರ ಮಾತ್ರವಲ್ಲ, ಪರೀಕ್ಷೆಯವರೆಗಿನ ಎಲ್ಲ ಭಾನುವಾರಗಳೂ ಹಾಗೇ.

ಹತ್ತನೇ ಕ್ಲಾಸಿನ ಇಂಗ್ಲಿಷ್ ಟೀಚರ್ ಪವಿತ್ರಾ ಮೇಡಂ ಕೊಟ್ಟ ವಿಷಯ ‘ಈ ವರ್ಷ ನಾನು ಹೇಗೆ ಬೆಳೆದೆ’. ಒಬ್ಬೊಬ್ಬರೇ ಎದ್ದು ನಿಂತು, ಕೈಯಲ್ಲಿ ಕಾಗದವಿಲ್ಲದೆ, ತಮ್ಮೊಳಗೆ ತಾವೇ ಇಣುಕಿ ನೋಡಿ, ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಹೇಳಿದವರ ಹೆಸರಿಗೆ ವಿಶೇಷ ತರಗತಿಯ ಪಟ್ಟಿಯಲ್ಲಿ ಕೆಂಪು ಗೀಟು ಬೀಳುತ್ತದೆ, ಬಿಡುಗಡೆ!

ದಿವ್ಯಶ್ರೀ ಆಗಲೇ ಎರಡು ಸಲ ಎದ್ದು ನಿಂತಿದ್ದಳು. ಮೊದಲ ಸಲ ‘ಗುಡ್ ಆಫ್ಟರ್‌ನೂನ್’ ಹೇಳಿ ಕೂತಿದ್ದಳು. ಎರಡನೇ ಸಲ ನೇರವಾಗಿ ‘ಥ್ಯಾಂಕ್ಯೂ’ ಹೇಳಿ ಕೂತಿದ್ದಳು. ಇವೆರಡರ ನಡುವಿನ ಮೂರು ನಿಮಿಷ ಹಾಗೇ ಬಾಕಿ ಉಳಿದಿತ್ತು.

ವಿಚಿತ್ರವೆಂದರೆ ಅವಳದು ಬಾಯಿ ಬಾರದ ಹುಡುಗಿಯ ಬಾಯಿಯಲ್ಲ. ಎದುರಾಳಿಗಳ ಅಂಗಳಕ್ಕೆ ನುಗ್ಗಿ ಒಂದೇ ಉಸಿರಿಗೆ ನಲವತ್ತು ಸಲ ‘ಕಬಡ್ಡಿ ಕಬಡ್ಡಿ’ ಎನ್ನುತ್ತಾ ಮೂವರನ್ನು ಮುಟ್ಟಿ ವಾಪಸು ಬರುವ ಬಾಯಿ. ಅವಳ ಊರು ಬಾಡ; ಅಲ್ಲಿನ ಹುಡುಗಿಯರ ತಂಡಕ್ಕೆ ಅವಳೇ ರೈಡರ್. ಹೋದ ವರ್ಷ ಇದೇ ಪಂದ್ಯದಲ್ಲಿ ಕಾಯ್ಕಿಣಿಯ ಹುಡುಗಿಯರು ಒಂದೇ ಒಂದು ಪಾಯಿಂಟಿನಿಂದ ಗೆದ್ದು, ಕಪ್ಪಿಗೆ ಶರಬತ್ತು ಹೊಯ್ದು ಕುಡಿಯುವ ಫೋಟೋ ಕಳಿಸಿದ್ದರು. ಆ ಫೋಟೋ ನೆನಪಾದಾಗಲೆಲ್ಲ ದಿವ್ಯಶ್ರೀಗೆ ಶರಬತ್ತು ಕಂಡರೂ ಆಗುತ್ತಿರಲಿಲ್ಲ.

ಇವತ್ತು ಶುಕ್ರವಾರ. ಊಟದ ನಂತರ ಇಂಗ್ಲಿಷ್ ಪಿರಿಯಡ್ಡು. ಕೊನೆಯ ಅವಕಾಶ.

ಬೆಳಿಗ್ಗೆ ಆರಕ್ಕೆಲ್ಲ ಅವಳು ಮನೆ ಹಿಂದಿನ ಹರಿವೆ ಸೊಪ್ಪಿನ ಸಾಲುಗಳ ನಡುವೆ ನಿಂತು, ಕಾಗದ ಹಿಡಿದು ವಟಗುಟ್ಟುತ್ತಿದ್ದಳು. ಅವಳ ಅಜ್ಜಿ ಬಂಗಾರಿ ಎರಡು ಕೈಯಲ್ಲಿ ಎರಡು ಕೊಡ ಹಿಡಿದು, ಹರಿವೆಯ ಬುಡಕ್ಕೆ ನೀರು ಹೊಯ್ಯುತ್ತಾ ಬರುತ್ತಿದ್ದಳು. ಎಪ್ಪತ್ತು ದಾಟಿದರೂ ಅಜ್ಜಿಯ ನಡಿಗೆಯಲ್ಲಿ ಒಂದು ಹನಿ ನೀರು ಹೊರಗೆ ಚೆಲ್ಲುತ್ತಿರಲಿಲ್ಲ.

“ಎಂತ ಮಾಡ್ತಿದ್ಯೆ? ಮಂತ್ರ ಹಾಕ್ತ್ಯಾ ಹರಿವೆಗೆ?”

“ಇಂಗ್ಲಿಷ್, ಅಜ್ಜಿ. ಈ ವರ್ಷ ನಾ ಹ್ಯಾಂಗೆ ಬೆಳೆದೆ ಅಂತ ಹೇಳ್ಬೇಕು ಇವತ್ತು.”

“ಯಾರಿಗೆ?”

“ನಮ್ಮ ಇಂಗ್ಲಿಷ್ ಅಕ್ಕೋರಿಗೆ.”

“ಅವ್ರಿಗೇ ಕಾಣೂದಿಲ್ವನೇ? ದಿನಾ ಎದುರಿಗೇ ಕೂತ್ಕಂಡಿರ್ತೆ.”

“ಹೊರಗಿಂದಲ್ಲ ಅಜ್ಜಿ, ಒಳಗಿಂದು!”

ಅಜ್ಜಿ ಕೊಡ ಕೆಳಗಿಟ್ಟು, ಮೊಮ್ಮಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಒಳಗಿಂದು ನೀನೇ ಹೇಳ್ಬೇಕು ಹಾಂಗಾದ್ರೆ” ಎಂದಳು. “ಎಂತ ಬರ್ದಿದ್ದೆ, ನಮ್ಮ ಮಾತಲ್ಲಿ ಹೇಳು ಕಾಂಬ.”

ದಿವ್ಯಶ್ರೀ ಹಿಂದಿನ ದಿನ ಸಂಜೆ ತನ್ನೊಳಗೆ ತಾನು ತುಂಬಾ ಹೊತ್ತು ಇಣುಕಿ ನೋಡಿದ್ದಳು. ಮೊದಲು ಕಂಡದ್ದು ಬರೀ ಕಬಡ್ಡಿ. ಅದರ ಹಿಂದೆ ಭಯ. ಭಯವನ್ನು ಸ್ವಲ್ಪ ಆಚೆ ಸರಿಸಿ ನೋಡಿದಾಗ ಹನ್ನೆರಡು ಸಾಲು ಸಿಕ್ಕಿತ್ತು. ಅದನ್ನು ತನಗೆ ಗೊತ್ತಿದ್ದ ಸಣ್ಣ ಸಣ್ಣ ಇಂಗ್ಲಿಷ್ ಶಬ್ದಗಳಲ್ಲಿ ಬರೆದಿದ್ದಳು. ಅಜ್ಜಿಗೆ ಅದರ ಅರ್ಥ ಹೇಳಿದಳು. ಜೂನಿನಲ್ಲಿ ನನಗೆ ಭಯವಿತ್ತು. ಜುಲೈಯಲ್ಲಿ ಅಜ್ಜಿಯ ಜೊತೆ ಗದ್ದೆಗಿಳಿದು ಸಸಿ ನೆಟ್ಟೆ. ನೆಟ್ಟ ಸಸಿ ಮೊದಲು ನೀರಿಗೆ ಬಾಗಿಕೊಂಡಿತ್ತು. ಸತ್ತೇ ಹೋಯಿತು ಅಂದುಕೊಂಡೆ. ವಾರ ಕಳೆದು ನೋಡಿದರೆ ಎದ್ದು ನಿಂತಿತ್ತು. ನಾನೂ ಕ್ಲಾಸಿನಲ್ಲಿ ಬಾಗಿಕೊಂಡೇ ಇದ್ದೆ...

ಅಜ್ಜಿ ಮೂಗೊರೆಸಿಕೊಂಡು, “ಇದು ಖರೆ ಇದ್ದದ್ದೇ ಅಲ್ದನೇ. ಖರೆ ಹೇಳೂಕೆ ಇಷ್ಟು ತಡವರಿಸೂದು ಎಂತಕ್ಕೆ?” ಎಂದಳು.

“ನೆನಪಲ್ಲಿ ನಿಲ್ಲೂದಿಲ್ಲ ಅಜ್ಜಿ.”

“ನೀ ಹೇಳೂದು ಕಲ್ಲು ಎಣಿಸ್ದಾಂಗೆ. ಹ್ಯಾಂಗೆ ನಿಲ್ತದೆ? ರಾಗಕ್ಕೆ ಹಾಕು.”

ಹೇಳಿದವಳೇ ಅಜ್ಜಿ ನಟ್ಟಿ ಹಾಡಿನ ರಾಗ ಎತ್ತಿದಳು. ಮಳೆಗಾಲದಲ್ಲಿ ಸಸಿ ನೆಡುವಾಗ ಊರಿನ ಹೆಂಗಸರೆಲ್ಲ ಸೊಂಟ ಬಾಗಿಸಿಕೊಂಡು ಹಾಡುವ ರಾಗ ಅದು. ಒಬ್ಬಳು ಒಂದು ಸಾಲು ಎತ್ತುತ್ತಾಳೆ, ಉಳಿದವರು ಅದೇ ಸಾಲನ್ನು ಹಿಂದಿನಿಂದ ಹಿಡಿಯುತ್ತಾರೆ. ಹಿಡಿಯದೆ ಬಿಟ್ಟರೆ, ಒಗೆದ ಬಟ್ಟೆಯನ್ನು ಅರ್ಧ ಹಿಂಡಿ ಬಿಟ್ಟ ಹಾಗೆ ಮೈಯೆಲ್ಲ ಕಸಿವಿಸಿ.

“ಇನ್ ಜೂನ್ ಐ ವಾಸ್ ಅಫ್ರೈಡ್...” ದಿವ್ಯಶ್ರೀ ರಾಗಕ್ಕೆ ಕೂರಿಸಿದಳು. ಅರೆ! ಕೂತೇ ಬಿಟ್ಟಿತು!

“ಇನ್ ಜೂನ್ ಐ ವಾಸ್ ಅಫ್ರೈಡ್...” ಅಜ್ಜಿ ಹಿಂದಿನಿಂದ ಹಿಡಿದಳು. ಎಪ್ಪತ್ತು ವರ್ಷದಲ್ಲಿ ಇಂಗ್ಲಿಷಿನ ನೆರಳೂ ಬೀಳದ ಬಾಯಿಯಿಂದ ಶಬ್ದಗಳು ತೊಳೆದ ಮೂಲಂಗಿಯ ಹಾಗೆ ಹೊರಬಂದವು.

ಹನ್ನೆರಡು ಸಾಲು ಮುಗಿಯುವಾಗ ಇನ್ನೂ ನಾಲ್ಕು ಸಾಲು ಹರಿವೆ ಬಾಕಿ ಇತ್ತು. ದಿವ್ಯಶ್ರೀ ಕಾಗದ ಮಡಚಿ ಹೊರಡಲು ನೋಡಿದಳು. ಅಜ್ಜಿ ಸೆರಗು ಹಿಡಿಯುವ ಹಾಗೆ ಅವಳ ದುಪಟ್ಟಾ ಹಿಡಿದಳು.

“ಎಲ್ಲಿಗೆ? ಹಾಡು ಎತ್ತಿದವಳು ಗದ್ದೆ ಮುಗಿಯೂವರೆಗೆ ಬಿಡೂ ಹಾಂಗಿಲ್ಲ. ಹಿಂದಿನಿಂದ ಹಿಡಿದವರೂ ಬಿಡೂ ಹಾಂಗಿಲ್ಲ. ಅದು ನಮ್ಮ ರೀತಿ.”

“ಇದು ಗದ್ದೆ ಅಲ್ಲ ಅಜ್ಜಿ, ಹರಿವೆ!”

“ಹಾಂಗಾದ್ರೆ ಹರಿವೆ ಮುಗಿಯೂವರೆಗೆ.”

ಅಜ್ಜಿಯ ಜೊತೆ ವಾದ ಮಾಡಿ ಗೆದ್ದವರು ಬಾಡದಲ್ಲಿ ಯಾರೂ ಇಲ್ಲ. ದಿವ್ಯಶ್ರೀ ನಾಲ್ಕು ಸಾಲಿಗೂ ನೀರು ಹೊಯ್ದು, ಹಾಡನ್ನು ಮತ್ತೆರಡು ಸಲ ಹಾಡಿ, ಅರ್ಧ ದೋಸೆ ಬಾಯಿಗೂ ಅರ್ಧ ದೋಸೆ ಕೈಗೂ ಹಾಕಿಕೊಂಡು ಬಸ್‌ಸ್ಟಾಪಿಗೆ ಓಡಿದಳು. ಆಗ ಅವಳ ತಲೆಯಲ್ಲಿ ಹನ್ನೆರಡು ಸಾಲೂ ಗಟ್ಟಿಯಾಗಿ ಕೂತಿದ್ದವು. ಹಾಗೇ ನೇರವಾಗಿ ಶಾಲೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಬಸ್‌ಸ್ಟಾಪಿನಲ್ಲಿ ಅನಂತಮೂರ್ತಿ ಮಾಸ್ತರರಿದ್ದರು.

ಮಾಸ್ತರು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಎಲ್ಲಿಗೂ ಹೋಗುವುದಿಲ್ಲ, ಆದರೂ ದಿನಾ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಕೂತು ಪೇಪರು ಓದುತ್ತಾರೆ, ಓದುತ್ತಾ ಪೇಪರಿನ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ. ದಿವ್ಯಶ್ರೀಯ ಕೈಯ ಕಾಗದ ಕಂಡದ್ದೇ ಅವರ ಪೆನ್ನು ತಾನಾಗಿಯೇ ಜೇಬಿನಿಂದ ಹೊರಗೆ ಬಂತು.

“ಎಂತದು ತಂಗೀ? ಇಲ್ಲಿ ತಾ.”

“ಬೇಡ ಮಾಸ್ತರೇ, ಬಾಯಿಪಾಠ ಆಗೋಗಿದೆ...”

“ತಪ್ಪು ಬಾಯಿಪಾಠ ಆದ್ರೆ ತಪ್ಪೇ ಹೇಳ್ತೆ. ತಾ.” ಮಾಸ್ತರು ಓದಿದರು. ಕನ್ನಡಕ ಮೇಲೆತ್ತಿದರು. ಮತ್ತೆ ಓದಿದರು. “ಸಸಿ ನೆಟ್ಟೆ, ಸಸಿ ಬಾಗ್ತು, ಸಸಿ ನಿಂತ್ತು... ಇದೆಂತ, ಕೃಷಿ ಇಲಾಖೆಗೆ ಕೊಡೂ ಅರ್ಜಿಯಾ?”

“ಖರೆ ಆದದ್ದೇ ಅದು...”

“ಖರೆ ಆದ್ರೆ ಸಾಲ್ದು, ಚಂದ ಆಗ್ಬೇಕು. ಇಂಗ್ಲಿಷಂದ್ರೆ ಎದುರಿಗಿದ್ದವ ಬೆಚ್ಚಿಬೀಳ್ಬೇಕು!”

ಮಾಸ್ತರು ಗೀಚತೊಡಗಿದರು. ಸಸಿ ಇದ್ದಲ್ಲಿ ‘ಮೆಟಮಾರ್ಫಸಿಸ್’ ಬಂತು. ಭಯ ಇದ್ದಲ್ಲಿ ‘ಟ್ರೆಪಿಡೇಶನ್’ ಬಂತು. ಅಜ್ಜಿ ಇದ್ದಲ್ಲಿ ‘ಪರ್ಸಿವಿಯರೆನ್ಸ್’ ಬಂತು. ಬಸ್ಸೂ ಬಂತು. ದಿವ್ಯಶ್ರೀ ಬಸ್ಸು ಹತ್ತಿದಳು, ಕಾಗದ ಹತ್ತಲಿಲ್ಲ. “ತಡಿ, ಕೊನೆ ವಾಕ್ಯ!” ಎನ್ನುತ್ತಾ ಮಾಸ್ತರು ಹೊರಟ ಬಸ್ಸಿನ ಪಕ್ಕದಲ್ಲಿ ಬರೆಯುತ್ತಲೇ ಹತ್ತು ಹೆಜ್ಜೆ ಓಡಿ, ಕಿಟಕಿಯಿಂದ ಕಾಗದ ತುರುಕಿದರು. ಕಂಡಕ್ಟರು ಅದನ್ನು ಟಿಕೆಟ್ ರಿಯಾಯಿತಿಯ ಪತ್ರ ಅಂದುಕೊಂಡು ಎರಡು ಸಲ ತಿರುಗಿಸಿ ನೋಡಿ, ತಲೆ ಕೆರೆದುಕೊಂಡು ವಾಪಸು ಕೊಟ್ಟ.

ದಿವ್ಯಶ್ರೀ ಎರಡು ಸ್ಟಾಪ್ ಇಡೀ ‘ಮೆಟಮಾರ್ಫಸಿಸ್’ ಜೊತೆ ಗುದ್ದಾಡಿದಳು. ಒಣ ಬಂಗಡೆ ಮೀನಿನ ಮುಳ್ಳಿನ ಹಾಗೆ ಅದು ನುಂಗಲೂ ಆಗದೆ ಉಗುಳಲೂ ಆಗದೆ ಗಂಟಲಿಗೆ ಅಡ್ಡ ನಿಂತಿತು. ಮೇಲಾಗಿ, ಓಡುತ್ತಾ ಬರೆದ ಅಕ್ಷರಗಳು ಏಡಿ ನಡೆದ ಮರಳಿನ ಹಾಗೆ ಕಾಣುತ್ತಿದ್ದವು.

ಶಾಲೆಯ ಗೇಟಿನೆದುರು ವಿನೋದನ ಝೆರಾಕ್ಸ್ ಅಂಗಡಿ. ದೊಡ್ಡದು ಮಾಡಿ ಝೆರಾಕ್ಸ್ ತೆಗೆದರೆ ಓದಲು ಬರಬಹುದೆಂದು ಅವಳು ಒಳಗೆ ಹೋದಳು. ವಿನೋದ ಕಾಗದ ನೋಡಿ ನಕ್ಕ.

“ಇದ್ನ ದೊಡ್ಡದು ಮಾಡಿದ್ರೆ ದೊಡ್ಡ ಗೀಚು ಆಗ್ತದೆ ಅಷ್ಟೇ. ಇದ್ಯಾವ ಕಾಲದ್ದೇ ಮಾರಾಯ್ತಿ? ಈಗ ಮೊಬೈಲಿಗೆ ಕೇಳಿದ್ರೆ ಆತು, ಒಂದು ಮಿನಿಟು.”

“ವಿನೋದಣ್ಣ, ಬೇಡ...”

“ವಿಷ್ಯ ಎಂತದು? ಬೆಳವಣಿಗೆ ಅಲ್ದಾ? ಹಾಂ... ಬಂತು ನೋಡು!”

ಪ್ರಿಂಟರು ಕರಕರ ಎಂದು ಬಿಸಿ ಬಿಸಿ ಕಾಗದ ಉಗುಳಿತು. ಹಪ್ಪಳದ ಹಾಗೆ ಚೆಂದದ ಅಕ್ಷರ. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು. ವಿನೋದ ಹಿಂದಿನಿಂದ ಕೂಗಿದ: “ಕೊನೆ ಪ್ಯಾರಾ ಭಾರೀ ಇದ್ದು ನೋಡು, ಅದ್ನ ಬಿಡ್ಬೇಡ!”

ಹೀಗೆ ಒಂಬತ್ತು ಮುಕ್ಕಾಲಿಗೆ ದಿವ್ಯಶ್ರೀಯ ಬಳಿ ಒಂದಲ್ಲ, ಮೂರು ಬೆಳವಣಿಗೆಗಳಿದ್ದವು. ಒಂದು ಅವಳದು, ಒಂದು ಮಾಸ್ತರದು, ಒಂದು ಮೊಬೈಲಿನದು.

ಬೆಳಗಿನ ನಾಲ್ಕು ಪಿರಿಯಡ್ಡುಗಳಲ್ಲೂ ಅವಳು ಡೆಸ್ಕಿನ ಕೆಳಗೆ ಕಾಗದ ಇಟ್ಟುಕೊಂಡು ಮೂರನ್ನೂ ಬಾಯಿಪಾಠ ಮಾಡಿದಳು. ಗಣಿತದ ಮೇಷ್ಟ್ರು ಹಠಾತ್ತನೆ, “ಏಯ್, ನೂರಾ ನಲವತ್ತನಾಲ್ಕರ ವರ್ಗಮೂಲ ಎಷ್ಟು?” ಎಂದಾಗ ಎದ್ದು ನಿಂತು “ಪರ್ಸಿವಿಯರೆನ್ಸ್ ಸರ್” ಎಂದಳು. ಹತ್ತು ನಿಮಿಷ ನಿಂತೇ ಇರುವ ಶಿಕ್ಷೆಯಾಯಿತು. ನಿಂತಲ್ಲೇ ಇನ್ನೆರಡು ವಾಕ್ಯ ಬಾಯಿಪಾಠವಾಯಿತು.

ಊಟದ ಹೊತ್ತಿಗೆ ಅವಳ ಗೆಳತಿ ದೀಪಾ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ದೀಪಾ ಕಬಡ್ಡಿ ತಂಡದ ಕ್ಯಾಪ್ಟನ್. ಇಂಗ್ಲಿಷಿನಲ್ಲಿ ಅವಳ ಮೂರು ನಿಮಿಷ ಯಾವಾಗಲೋ ಮುಗಿದು, ಭಾನುವಾರ ಆರಾಮಾಗಿದ್ದಳು.

“ಬಾಯಿಪಾಠ ಆತನೇ?”

“ಮೂರು ಆಗಿದೆ. ಯಾವುದು ಹೇಳೂದು ಗೊತ್ತಾಗೂದಿಲ್ಲ.”

“ಮೂರೂ ಹೊತ್ಕಂಡೇ ಹೋಗು. ಒಂದು ಬರದಿದ್ರೆ ಇನ್ನೊಂದು ಬರ್ತದೆ. ನೋಡು ಹುಡ್ಗಿ, ನೀ ಬರದೇ ಇದ್ರೆ ರೈಡಿಗೆ ಯಾರ್ನ ಕಳ್ಸೂದು? ನಮ್ಮ ಮನೆ ಎಮ್ಮೆಯನ್ನ?”

“ಎಮ್ಮೆ ಯಾರನ್ನಾದ್ರೂ ಮುಟ್ಟಿ ಬರ್ತದೆ ಬಿಡು.”

“ತಮಾಷೆ ಸಾಕು. ಕಾಯ್ಕಿಣಿಯವರು ಇವತ್ತೇ ಶರಬತ್ತು ಪುಡಿ ತಕ್ಕಂಡಿದಾರಂತೆ!”

ದಿವ್ಯಶ್ರೀ ತಟ್ಟೆ ಬದಿಗಿಟ್ಟು ಮತ್ತೆ ಕಾಗದ ಬಿಡಿಸಿದಳು.

ಊಟದ ನಂತರದ ಗಂಟೆ ಹೊಡೆಯಿತು. ಪವಿತ್ರಾ ಮೇಡಂ ಒಳಗೆ ಬಂದರು. ಒಬ್ಬರೇ ಬರಲಿಲ್ಲ. ಅವರ ಹಿಂದೆ ಎದೆಗೆ ಫೈಲು ಅವುಚಿಕೊಂಡ, ದಪ್ಪ ಮೀಸೆಯ ಅಧಿಕಾರಿಯೊಬ್ಬರು ಬಂದರು. ವೆಂಕಟ್ರಮಣ ಸಾಹೇಬರು, ಇಲಾಖೆಯ ಕಚೇರಿಯಿಂದ ಪಾಠ ನೋಡಲು ದಿಢೀರನೆ ಬಂದವರು. ಮೇಡಂ ಮುಖ ಬಿಳಿಚಿತ್ತು. ಚಾಕ್‌ಪೀಸು ಹಿಡಿದ ಕೈಯಲ್ಲಿ ಯಾವುದು ಕೈ ಯಾವುದು ಚಾಕ್‌ಪೀಸು ಎಂದು ಹೇಳುವುದು ಕಷ್ಟವಿತ್ತು.

“ಇವತ್ತು ಎಂತ ಪಾಠ?” ಸಾಹೇಬರು ಕೇಳಿದರು.

“ಸರ್, ಮಕ್ಕಳು ತಮ್ಮ ಬೆಳವಣಿಗೆ ಬಗ್ಗೆ ತಾವೇ ಯೋಚನೆ ಮಾಡಿ ಇಂಗ್ಲಿಷಲ್ಲಿ ಹೇಳ್ತಾರೆ ಸರ್. ಎಲ್ಲ ಚೆನ್ನಾಗಿ ತಯಾರಾಗಿದಾರೆ ಸರ್. ದೀಪಾ, ನೀನು ಎದ್ದು...”

“ಬೇಡ ಬೇಡ, ನಾನೇ ಆರಿಸ್ತೆ.” ಸಾಹೇಬರ ಬೆರಳು ಗಾಳಿಯಲ್ಲಿ ತೇಲಿ, ಬೆಂಚಿನಿಂದ ಬೆಂಚಿಗೆ ಹಾರಿ, ಕಿಟಕಿಯ ಪಕ್ಕ ನಿಂತಿತು. “ಆ ಹುಡುಗಿ.”

ಮೇಡಂ ಕಣ್ಣು ಮುಚ್ಚಿಕೊಂಡರು.

ದಿವ್ಯಶ್ರೀ ಎದ್ದಳು. ಎದ್ದದ್ದೇ, ಒಂದೇ ಬಾಗಿಲಿನ ಬಸ್ಸಿಗೆ ಮೂರು ಊರಿನ ಜನ ಒಟ್ಟಿಗೆ ನುಗ್ಗಿದ ಹಾಗೆ ಮೂರು ಬೆಳವಣಿಗೆಗಳೂ ಗಂಟಲಿಗೆ ನುಗ್ಗಿದವು.

“ಗುಡ್ ಆಫ್ಟರ್‌ನೂನ್...” ಇಷ್ಟು ಅಭ್ಯಾಸವಿತ್ತು. “ಮೈ ಮೆಟ... ಮೆಟಮ... ಮೆಟಮಾರ್...” ಮುಳ್ಳು ಸಿಕ್ಕಿಕೊಂಡಿತು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಮಾಸ್ತರನ್ನು ಬಿಟ್ಟು ಮೊಬೈಲಿಗೆ ಹಾರಿದಳು. ವಿನೋದ ಬಿಡಬೇಡ ಎಂದಿದ್ದ ಕೊನೆಯ ಪ್ಯಾರಾ ಫಕ್ಕನೆ ನೆನಪಾಯಿತು. ಅರ್ಥ ನೋಡಲು ಅವಳಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದಳು:

“ಐ ಥ್ಯಾಂಕ್ ಮೈ ಹಸ್ಬೆಂಡ್ ಆ್ಯಂಡ್ ಮೈ ಟೂ ಚಿಲ್ಡ್ರನ್!”

ಕ್ಲಾಸು ಒಡೆದು ಹೋಯಿತು. ಗಂಡನಿಗೂ ಇಬ್ಬರು ಮಕ್ಕಳಿಗೂ ಧನ್ಯವಾದ! ಹುಡುಗರು ಡೆಸ್ಕು ಬಡಿದು ನಕ್ಕರು. ದೀಪಾ ಬ್ಯಾಗಿನೊಳಗೆ ಮುಖ ಹಾಕಿದಳು. ಸಾಹೇಬರು ಮೇಡಂ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಇದು ಹತ್ತನೇ ಕ್ಲಾಸೇ ಅಲ್ವಾ?”

ದಿವ್ಯಶ್ರೀಗೆ ಇನ್ನು ಉಳಿದದ್ದು ‘ಥ್ಯಾಂಕ್ಯೂ’ ಒಂದೇ. ಹೇಳಿ ಕೂತುಬಿಡೋಣ ಎಂದು ಬಾಯಿ ತೆರೆದವಳು ಕಿಟಕಿಯಾಚೆ ನೋಡಿದಳು. ಶಾಲೆಯ ಹಿಂದೆ ಕೊಯ್ಲಾದ ಗದ್ದೆ, ಬಿಸಿಲಿಗೆ ನಿಂತ ಭತ್ತದ ಕೂಳೆ. ಜುಲೈಯಲ್ಲಿ ಅಂಥದೇ ಗದ್ದೆಯ ಕೆಸರಿನಲ್ಲಿ ತಾನು ನೆಟ್ಟ ಮೊದಲ ಹಿಡಿ ಸಸಿ ನೆನಪಾಯಿತು. ಅದು ಬಾಗಿದ್ದು ಕಂಡು ತಾನು ಅತ್ತದ್ದು, ‘ಅಳ್ಬೇಡ, ಅದು ಈಗ ಬೇರು ಹುಡ್ಕ್ತಾ ಇದೆ’ ಎಂದು ಅಜ್ಜಿ ನಕ್ಕದ್ದು ನೆನಪಾಯಿತು.

ಅವಳ ಬಲಗೈ ತಾನಾಗಿಯೇ ಕೊಡ ಬಾಗಿಸಿದ ಹಾಗೆ ಬಾಗಿತು. ಬಾಯಿಂದ ರಾಗ ಹೊರಟಿತು.

“ಇನ್ ಜೂನ್ ಐ ವಾಸ್ ಅಫ್ರೈಡ್...”

ಡೆಸ್ಕು ಬಡಿಯುತ್ತಿದ್ದ ಕೈಗಳು ಅಲ್ಲೇ ನಿಂತವು.

ಆ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಗದ್ದೆ ಮನೆಯವರು. ತೊಟ್ಟಿಲಲ್ಲಿದ್ದಾಗಿನಿಂದ ಆ ರಾಗ ಕೇಳಿದವರು. ಎತ್ತಿದ ಸಾಲು ಗಾಳಿಯಲ್ಲಿ ನೇತಾಡುತ್ತಿದ್ದರೆ ಅವರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಒಂದು ಕ್ಷಣ, ಎರಡು ಕ್ಷಣ... ಬ್ಯಾಗಿನೊಳಗಿಂದ ದೀಪಾಳ ಮುಖ ಮೇಲೆ ಬಂತು. ಅವಳ ಬಾಯಿ ಅವಳನ್ನು ಕೇಳದೆ ತೆರೆಯಿತು.

“ಇನ್ ಜೂನ್ ಐ ವಾಸ್ ಅಫ್ರೈಡ್...” ದೀಪಾ ಹಿಂದಿನಿಂದ ಹಿಡಿದಳು.

“ಇನ್ ಜುಲೈ ಐ ಪ್ಲಾಂಟೆಡ್ ರೈಸ್...” ದಿವ್ಯಶ್ರೀ.

“ಇನ್ ಜುಲೈ ಐ ಪ್ಲಾಂಟೆಡ್ ರೈಸ್...” ಈ ಸಲ ಹುಡುಗಿಯರ ಬೆಂಚುಗಳೆಲ್ಲ.

ಮೂರನೇ ಸಾಲಿಗೆ ಹುಡುಗರೂ ಸೇರಿದರು. ಆಗಷ್ಟೇ ಒಡೆಯುತ್ತಿದ್ದ ಅವರ ಗಂಟಲುಗಳು ಖಾಲಿ ಕೊಡದ ಹಾಗೆ ಗುಡುಗುಟ್ಟಿದವು. ಇಂಗ್ಲಿಷ್ ಪುಸ್ತಕ ಕಂಡರೆ ಹೊಟ್ಟೆನೋವು ಬರುವವರೆಲ್ಲ ಹೊಟ್ಟೆಯಿಂದಲೇ ಇಂಗ್ಲಿಷ್ ಹಾಡುತ್ತಿದ್ದರು! ಸಸಿ ಬಾಗಿತು ಎಂದಾಗ ಇಡೀ ಕ್ಲಾಸು ಬಾಗಿತು. ಸಸಿ ನಿಂತಿತು ಎಂದಾಗ ಇಡೀ ಕ್ಲಾಸು ಎದ್ದು ನಿಂತಿತು. ಹಿಂದೂ ಮುಂದೂ ಗೊತ್ತಾಗದೆ ಮೇಡಮ್ಮೂ ಎದ್ದರು. ಸಾಹೇಬರ ಬೆರಳು ಫೈಲಿನ ಮೇಲೆ ತಾಳ ಹಾಕುತ್ತಿತ್ತು, ಮೀಸೆಯ ಕೆಳಗೆ ತುಟಿ ಅಲ್ಲಾಡುತ್ತಿತ್ತು.

“ದೆ ಕಟ್ ದಿ ರೈಸ್... ನೌ ಐ ಸ್ಟ್ಯಾಂಡ್!” ಭತ್ತ ಕೊಯ್ದರು, ಈಗ ನಿಂತವಳು ನಾನು.

ಹನ್ನೆರಡು ಸಾಲು ಮುಗಿಯಿತು. ಗೋಡೆಯ ಗಡಿಯಾರದಲ್ಲಿ ಎರಡೂವರೆ ನಿಮಿಷ ಕಳೆದಿತ್ತು. ಇನ್ನೂ ಅರ್ಧ ನಿಮಿಷ! ಮುಂದಿನ ಸಾಲು ಯಾವ ಕಾಗದದಲ್ಲೂ ಇರಲಿಲ್ಲ. ಮಾಸ್ತರೂ ಬರೆದುಕೊಟ್ಟಿರಲಿಲ್ಲ, ಮೊಬೈಲೂ ಹೇಳಿರಲಿಲ್ಲ. ರೈಡಿಗೆ ಹೋಗುವಾಗ ಎಳೆಯುವ ಹಾಗೆ ದಿವ್ಯಶ್ರೀ ಒಂದು ಉಸಿರೆಳೆದಳು. ಜೀವಮಾನದಲ್ಲೇ ಮೊದಲ ಸಲ, ನಿಂತ ನಿಲುವಿನಲ್ಲಿ, ಬಾಯಲ್ಲೇ ಒಂದು ಇಂಗ್ಲಿಷ್ ವಾಕ್ಯ ಕಟ್ಟಿದಳು.

“ಆನ್ ಸಂಡೇ ಐ ಪ್ಲೇ ಕಬಡ್ಡಿ...”

“ಆನ್ ಸಂಡೇ ಐ ಪ್ಲೇ ಕಬಡ್ಡಿ!” ಕ್ಲಾಸು ಸೂರು ಹಾರುವ ಹಾಗೆ ಹಿಡಿಯಿತು. ಅದರ ನಡುವೆ ಒಂದು ದಪ್ಪ ಗಂಡು ಧ್ವನಿಯೂ ಕೇಳಿತು. ಅದು ವೆಂಕಟ್ರಮಣ ಸಾಹೇಬರದು.

ಮೂರು ನಿಮಿಷ! ದಿವ್ಯಶ್ರೀ ‘ಥ್ಯಾಂಕ್ಯೂ’ ಹೇಳಿದಳು. ಇವತ್ತಿನ ಥ್ಯಾಂಕ್ಯೂ ಹಿಂದೆ ಮೂರು ನಿಮಿಷದ ಮಾತಿತ್ತು.

ಆಮೇಲೆ ಎದ್ದ ಚಪ್ಪಾಳೆಗೆ ಪಕ್ಕದ ಕ್ಲಾಸಿನವರು ಬಾಗಿಲಿಗೆ ಬಂದು ಇಣುಕಿದರು. ಪವಿತ್ರಾ ಮೇಡಂ ಒದ್ದೆ ಕಣ್ಣಲ್ಲೇ ಪಟ್ಟಿ ತೆಗೆದು, ಎಲ್ಲರೆದುರು ದಿವ್ಯಶ್ರೀಯ ಹೆಸರಿನ ಮೇಲೆ ಕೆಂಪು ಗೀಟು ಎಳೆದರು. ಎಷ್ಟು ಉದ್ದ ಎಳೆದರೆಂದರೆ ಅದು ಅಕ್ಕಪಕ್ಕದ ಹೆಸರುಗಳಿಗೂ ತಾಗಿತು. “ಕಾಯ್ಕಿಣಿ ಮುಗೀತು!” ಎಂದು ದೀಪಾ ಬೆಂಚಿನ ಮೇಲೆ ಹತ್ತಿ ಕೂಗಿದಳು. ದಿವ್ಯಶ್ರೀಗೆ ತನ್ನ ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ನೋಡಿಕೊಳ್ಳಬೇಕಾಯಿತು.

ಸಾಹೇಬರು ಹತ್ತಿರ ಬಂದರು. “ಯಾರು ಕಲ್ಸಿದ್ದು ತಂಗೀ ಇದು?”

“ನಮ್ಮ ಅಜ್ಜಿ, ಸರ್. ಹರಿವೆಗೆ ನೀರು ಹೊಯ್ಯೂವಾಗ.”

“ನಮ್ಮನೇಲೂ ನಟ್ಟಿ ಇತ್ತು. ನಮ್ಮ ಅಮ್ಮ ಎತ್ತೂದು, ಊರೇ ಹಿಡಿಯೂದು. ಎಷ್ಟು ವರ್ಷ ಆಗಿತ್ತು ಮಾರಾಯ್ತಿ ಕೇಳದೆ.” ಸಾಹೇಬರು ಕನ್ನಡಕ ಒರೆಸಿಕೊಂಡರು. “ಅದಕ್ಕೊಂದು ರೀತಿ ಉಂಟಲ್ಲ, ಗೊತ್ತುಂಟಾ ನಿಂಗೆ? ಹಾಡು ಎತ್ತಿದವಳು...”

ಗೆದ್ದ ಹುರುಪಿನಲ್ಲಿದ್ದ ದಿವ್ಯಶ್ರೀ ಪ್ರಶ್ನೆ ಮುಗಿಯಲೂ ಬಿಡಲಿಲ್ಲ. “ಗದ್ದೆ ಮುಗಿಯೂವರೆಗೆ ಬಿಡೂ ಹಾಂಗಿಲ್ಲ ಸರ್!” ಎಂದಳು, ಎದೆಯುಬ್ಬಿಸಿ.

“ಭೇಷ್! ಹಾಂಗಾದ್ರೆ ಆತು.” ಸಾಹೇಬರು ಮೇಡಂ ಕಡೆ ತಿರುಗಿದರು. “ಭಾನುವಾರದ ವಿಶೇಷ ತರಗತಿ ಇನ್ನು ಮೇಲೆ ಹೀಂಗೇ ನಡೀಲಿ. ಎಲ್ಲ ಪಾಠವೂ ರಾಗಕ್ಕೆ. ಎತ್ತೂದು ಈ ಹುಡುಗಿ. ಗದ್ದೆ ಮಾರ್ಚ್ ಪರೀಕ್ಷೆವರೆಗೆ.”

ದಿವ್ಯಶ್ರೀಯ ಉಬ್ಬಿದ ಎದೆ, ತೂತುಬಿದ್ದ ವಾಲಿಬಾಲಿನ ಹಾಗೆ ಇಳಿಯಿತು. “ಸರ್... ನನ್ನ ಹೆಸರಿಗೆ ಗೀಟು ಬಿತ್ತಲ್ಲ ಸರ್!”

“ಕಲಿಯೂವರ ಪಟ್ಟಿಯಲ್ಲಿ ಬಿತ್ತು. ಸರಿಯೇ. ನೀನೀಗ ಕಲ್ಸೂವಳು.”

“ಭಾನುವಾರ ನಾ ಕಬಡ್ಡಿ ಆಡ್ತೆ ಸರ್. ಈಗಷ್ಟೇ ಹಾಡಿದ್ನಲ್ಲ! ನೀವೂ ಹಾಡಿದ್ರಿ!”

“ಹಾಡಿದೆ. ಚಂದ ಇತ್ತು ಆ ಸಾಲು, ವ್ಯಾಕರಣವೂ ಸರಿ ಇತ್ತು,” ಎಂದು ಸಾಹೇಬರು ಬಾಯ್ತುಂಬ ಹೊಗಳಿದರು. “ಅದ್ನೇ ಮೊದಲ ಪಾಠ ಮಾಡು.”

ದೀಪಾ ಸದ್ದಿಲ್ಲದೆ ಬೆಂಚಿನಿಂದ ಇಳಿದು, ಗೆಳತಿಯ ಬೆನ್ನ ಹಿಂದೆ ಸರಿಯುತ್ತಿದ್ದಳು. ಸಾಹೇಬರ ಬೆರಳು ಮತ್ತೆ ಗಾಳಿಯಲ್ಲಿ ತೇಲಿತು.

“ನೀನೇ ಅಲ್ವಾ ಮೊದ್ಲು ಹಿಂದಿನಿಂದ ಹಿಡಿದದ್ದು?”

“ಸರ್, ನಾ ಪಟ್ಟಿಯಲ್ಲೇ ಇಲ್ಲ ಸರ್! ನನ್ನ ಇಂಗ್ಲಿಷ್ ಸರಿ ಇದೆ ಸರ್!”

“ಇರ್ಲಿ. ಹಿಡಿದವರೂ ಬಿಡೂ ಹಾಂಗಿಲ್ಲ.”

ಇಡೀ ಕ್ಲಾಸೇ ಹಿಡಿದಿತ್ತು. ಹಾಗಾಗಿ ಇಡೀ ಕ್ಲಾಸಿಗೇ ಭಾನುವಾರದ ವಿಶೇಷ ತರಗತಿಯಾಯಿತು. ಬಾಡದ ಕಬಡ್ಡಿ ತಂಡದ ಏಳೂ ಹುಡುಗಿಯರು ಆ ಕ್ಲಾಸಿನವರೇ. ಎಮ್ಮೆ ಒಂದು ಮಾತ್ರ ಪುರುಸೊತ್ತಾಗಿ ಉಳಿಯಿತು.

ಸಂಜೆ ನೋಟೀಸ್ ಬೋರ್ಡಿನ ಎದುರು ಜಾತ್ರೆಯಷ್ಟು ಜನ. ವಿಶೇಷ ತರಗತಿಯ ಹೊಸ ಪಟ್ಟಿಯಲ್ಲಿ ದಿವ್ಯಶ್ರೀಯ ಹೆಸರು ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿತ್ತು. ಉಳಿದವರು ಒಂಬತ್ತಕ್ಕೆ ಬರಬೇಕು. ಬಾಗಿಲು ತೆಗೆಯಬೇಕಾದ್ದರಿಂದ ಅವಳು ಎಂಟೂವರೆಗೆ. ಜೂನಿಯರ್ ಹುಡುಗಿಯರು ಅವಳನ್ನು ತೋರಿಸಿ ಪಿಸುಗುಟ್ಟುತ್ತಿದ್ದರು. ಝೆರಾಕ್ಸ್ ಅಂಗಡಿಯ ವಿನೋದ, “ಹೇಳಿದ್ನಲ್ಲ, ಕೊನೆ ಪ್ಯಾರಾ ಭಾರೀ ಅಂತ!” ಎಂದು ಕೈ ಕುಲುಕಿದ. ಬಸ್‌ಸ್ಟಾಪಿನಲ್ಲಿ ಅನಂತಮೂರ್ತಿ ಮಾಸ್ತರು, ಸುದ್ದಿ ಹೇಗೋ ಆಗಲೇ ತಲುಪಿ, “ಮೆಟಮಾರ್ಫಸಿಸ್ ಅಂದ ಕೂಡ್ಲೆ ಬೆಚ್ಚಿಬಿದ್ರು ಅಲ್ದಾ?” ಎಂದು ಬೆನ್ನು ತಟ್ಟಿದರು. ದೀಪಾ ಮಾತ್ರ ಬಸ್ಸಿನಿಂದ ಇಳಿಯುವಾಗ ಮುಖ ಊದಿಸಿಕೊಂಡು ಮೊಬೈಲು ತೋರಿಸಿದಳು. ಕಾಯ್ಕಿಣಿಯವರು ಎದುರಾಳಿಗಳೇ ಇಲ್ಲದೆ ಗೆದ್ದ ಖುಷಿಗೆ ಆಗಲೇ ಒಂದು ಫೋಟೋ ಕಳಿಸಿದ್ದರು. ಶರಬತ್ತು ಈ ಸಲ ಕೆಂಪು ಬಣ್ಣದ್ದು.

ಮನೆಯ ಹಿಂದೆ ಅಜ್ಜಿ ಸಂಜೆಯ ನೀರು ಹೊಯ್ಯುತ್ತಿದ್ದಳು. ದಿವ್ಯಶ್ರೀ ಬ್ಯಾಗು ಎಸೆದು, ಹರಿವೆ ಸಾಲಿನ ಬದಿಗೆ ಕುಕ್ಕರಿಸಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಗಂಡ ಮತ್ತು ಇಬ್ಬರು ಮಕ್ಕಳ ಸು​ದ್ದಿಗೆ ಅಜ್ಜಿ ಕೊಡ ಕೆಳಗಿಟ್ಟು ನಕ್ಕಳು. ಇಡೀ ಕ್ಲಾಸು ಎದ್ದು ನಿಂತದ್ದು ಕೇಳಿ ಕಣ್ಣರಳಿಸಿದಳು. ಕೊನೆಗೆ ಭಾನುವಾರದ ಸುದ್ದಿ ಬಂತು.

“ಎಲ್ಲಾ ನಿನ್ನಿಂದ್ಲೇ ಆದದ್ದು ಅಜ್ಜಿ! ಮಾರ್ಚ್‌ವರೆಗೆ ನಾ ಬಿಡೂ ಹಾಂಗಿಲ್ಲಂತೆ!”

“ಮಾರ್ಚ್‌ವರೆಗೆ ಅಲ್ದನೇ?” ಅಜ್ಜಿ ಮೊಮ್ಮಗಳ ಪಕ್ಕದಲ್ಲಿ ಕೂತಳು. “ನಾನು ಹನ್ನೆರಡು ವರ್ಷದವಳಿದ್ದೆ. ದೊಡ್ಡೋರೆಲ್ಲ ಸುಸ್ತಾಗಿ ಸುಮ್ನಿದ್ರು. ಬಾಯಿ ತಡೀಲಿಲ್ಲ, ಒಂದು ಸಾಲು ಎತ್ತಿದೆ. ಗದ್ದೆಯವರೆಲ್ಲ ಹಿಂದಿಂದ ಹಿಡಿದ್ರು. ನಂಗೆ ಆವತ್ತು ಎಷ್ಟು ದೊಡ್ಡೋಳಾದಾಂಗೆ ಕಂಡಿತ್ತು ಗೊತ್ತಿದ್ಯಾ?”

“ಆಮೇಲೆ?”

“ಆಮೇಲೆ ಎಂತ?” ಅಜ್ಜಿ ಮಂಡಿಗೆ ಕೈಯೂರಿ ಎದ್ದು, ಕೊಡ ಎತ್ತಿಕೊಂಡು, ಮುಂದಿನ ಸಾಲಿಗೆ ನಡೆಯುತ್ತಾ ಅದೇ ರಾಗದಲ್ಲಿ ಹೇಳಿದಳು: “ಆವತ್ತು ಎತ್ತಿದ್ದು ಮಗಾ, ಇನ್ನೂ ಇಳಿಸ್ಲಿಲ್ಲ...”

ದಿವ್ಯಶ್ರೀ ಹಲ್ಲು ಕಚ್ಚಿ, ತುಟಿ ಬಿಗಿದು, ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕೂತಳು. ಸಾಲು ಹರಿವೆಯ ಮೇಲೆ ನೇತಾಡಿತು. ಒಂದು ಕ್ಷಣ. ಎರಡು ಕ್ಷಣ.

“ಆವತ್ತು ಎತ್ತಿದ್ದು ಮಗಾ, ಇನ್ನೂ ಇಳಿಸ್ಲಿಲ್ಲ...” ಎಂದು ಹಾಡುತ್ತಾ ಅವಳು ಎದ್ದು ಇನ್ನೊಂದು ಕೊಡ ಎತ್ತಿಕೊಂಡಳು.